ನನ್ನದೊಂದು ಆಡಿಟ್

ಸಹಕಾರಿ ಸೊಸೈಟಿಯಲ್ಲಿ ಲೆಕ್ಕ ಬರೆಯುವವರಿಗೆ ಜುಲೈ ಅಂದರೆ ಆಡಿಟ್ ಕಾಲ. ವೋಚರ್ ಹುಡುಕಬೇಕು, ಸಹಿ ಬಿಟ್ಟುಹೋದಲ್ಲಿ ಹಾಕಿಸಬೇಕು, ಎರಡು ರೂಪಾಯಿ ತಾಳೆಯಾಗದಿದ್ದರೆ ರಾತ್ರಿ ಎಂಟರವರೆಗೆ ಕೂರಬೇಕು. ನನ್ನ ಹರ್ನಿಯಾ ಜೋರಾಗಲು ಆರಿಸಿಕೊಂಡದ್ದೂ ಅದೇ ತಿಂಗಳನ್ನು. ಎರಡು ವರ್ಷದಿಂದ ನಿಂಬೆಹಣ್ಣಿನಷ್ಟಿದ್ದ ಉಬ್ಬು ಈಗ ಕೆಮ್ಮಿದಾಗೆಲ್ಲ ಕೈಗೆ ಸಿಗುತ್ತಿತ್ತು. ಆಪರೇಷನ್ ಮಾಡಿಸಿಬಿಡಿ ಎಂದರು ಡಾಕ್ಟರ್. ಒಂದು ಸೋಮವಾರ ಹೆಂಡತಿಯ ಜೊತೆ ಬ್ಯಾಗು ಕಟ್ಟಿಕೊಂಡು ಉಡುಪಿಯ ಆಸ್ಪತ್ರೆಯೊಂದಕ್ಕೆ ಸೇರಿದೆ. ಕಟಪಾಡಿಯಿಂದ ಹೊರಡುವಾಗಲೇ ಮಳೆ ಧೋ ಎಂದು ಸುರಿಯುತ್ತಿತ್ತು.

ವಾರ್ಡಿನಲ್ಲಿ ನರ್ಸ್ ಒಬ್ಬರು ಫಾರಂ ಹಿಡಿದುಕೊಂಡು ಬಂದರು. ಶುಗರ್ ಉಂಟಾ? ಬಿಪಿ ಉಂಟಾ? ಯಾವುದಾದರೂ ಮಾತ್ರೆ ಆಗುವುದಿಲ್ವಾ? ಆಮೇಲೆ ಒಂದೇ ಉಸಿರಿನಲ್ಲಿ, ‘ಬೀಡಿ ಸಿಗರೇಟು ಕುಡಿತ ಎಂತ ಇಲ್ಲ ಅಲ್ವಾ?’

ಪ್ರಶ್ನೆಯಲ್ಲೇ ಉತ್ತರ ಇತ್ತು. ಪಕ್ಕದಲ್ಲಿ ಹೆಂಡತಿ ಇದ್ದಳು. ಎದುರಿನ ಮಂಚದವರು ಕುಚ್ಚಲಕ್ಕಿ ಗಂಜಿ ಉಣ್ಣುತ್ತಾ ಕಿವಿ ಕೊಟ್ಟಿದ್ದರು. ‘ಇಲ್ಲ. ಎಲ್ಲೋ ಅಪರೂಪಕ್ಕೆ’ ಎಂದೆ. ನರ್ಸ್ ಒಂದು ಪದ ಗೀಚಿ ಹೋದರು. ಹೆಂಡತಿ ಏನೂ ಹೇಳಲಿಲ್ಲ. ಡ್ರಿಪ್ ಹಾಕುವ ಕಂಬವನ್ನೇ ನೋಡುತ್ತಿದ್ದಳು, ಅದರಲ್ಲಿ ನೋಡುವಂಥದ್ದು ಏನೋ ಇದ್ದ ಹಾಗೆ.

ಸುಳ್ಳು ಹೇಳಿದೆ ಅಂತ ಆಗ ನನಗೆ ಅನಿಸಲೇ ಇಲ್ಲ. ನಿಜ ಹೇಳಬೇಕೆಂದರೆ, ಸ್ವಲ್ಪ ಇನ್ಶೂರೆನ್ಸಿನ ಹೆದರಿಕೆಯೂ ಇತ್ತು. ಫೈಲಿನಲ್ಲಿ ಕುಡಿತ ಅಂತ ಬಂದರೆ ನಾಳೆ ಕ್ಲೇಮಿಗೆ ಏನಾದರೂ ತಕರಾರು ಬಂದರೆ? ವಾರ್ಡಿನಲ್ಲಿ ಆಮೇಲೆ ಮಾತಾಡಿದ ನಾಲ್ಕು ಜನರಲ್ಲಿ ಮೂವರು ಇದನ್ನೇ ಹೇಳಿದರು.

ನನ್ನ ಎಡಗಡೆ ಮಂಚದಲ್ಲಿ ಮಲ್ಪೆಯ ಮೀನುಗಾರರೊಬ್ಬರಿದ್ದರು. ಐವತ್ತರ ಆಸುಪಾಸು. ಶನಿವಾರ ಮನೆಯ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದು ಕಾಲು ಮುರಿದಿತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲವಲ್ಲ, ಎರಡು ತಿಂಗಳು ದಡದಲ್ಲೇ. ಕೈಯಲ್ಲಿ ಕೆಲಸ ಇಲ್ಲ, ಹೊರಗೆ ಮಳೆ. ಮಧ್ಯಾಹ್ನ ಅವರ ಜೊತೆ ಮಾತಾಡಿದ್ದೆ. ಒಳ್ಳೆ ಮಾತುಗಾರ. ಕೈ ಸ್ವಲ್ಪ ನಡುಗುತ್ತಿತ್ತು, ಬೆವರುತ್ತಿದ್ದರು. ಮುರಿದ ಕಾಲಿನ ನೋವಿರಬೇಕು ಅಂದುಕೊಂಡೆ. ಎಲ್ಲರೂ ಹಾಗೆಯೇ ಅಂದುಕೊಂಡಿದ್ದರು.

ರಾತ್ರಿ ಒಂದೂವರೆಯ ಹೊತ್ತಿಗೆ ಎಚ್ಚರವಾಯಿತು. ಅವರು ಮಂಚದ ಮೇಲೆ ಎದ್ದು ಕೂತಿದ್ದರು. ಎರಡೂ ಕೈಗಳಿಂದ ಗಾಳಿಯಲ್ಲಿ ಏನನ್ನೋ ಎಳೆಯುತ್ತಿದ್ದರು. ಬಲಗೈ ಮುಂದೆ, ಎಡಗೈ ಹಿಂದೆ. ಎಳೆದದ್ದನ್ನು ಮಡಿಲಿಗೆ ಹಾಕಿಕೊಳ್ಳುವುದು, ಮತ್ತೆ ಎಳೆಯುವುದು. ಬಲೆ! ಕಾಣದ ಬಲೆಯನ್ನು ಎಳೆಯುತ್ತಾ, ‘ಹಿಡಿಯಿರಿ, ಬಿಡಬೇಡಿ, ಭಾರ ಉಂಟು’ ಎಂದು ತುಳುವಿನಲ್ಲಿ ನಮ್ಮನ್ನೆಲ್ಲ ಕೂಗುತ್ತಿದ್ದರು. ಕೈಗೆ ಹಾಕಿದ್ದ ಸೂಜಿ ಕಿತ್ತುಬಂದು ಬೆಡ್‌ಶೀಟೆಲ್ಲ ರಕ್ತ. ಮುರಿದ ಕಾಲನ್ನು ಕೆಳಗೆ ಇಳಿಸಲು ನೋಡುತ್ತಿದ್ದರು. ನೆಲದ ಮೇಲೆ ಮಲಗಿದ್ದ ಅವರ ತಮ್ಮ ಹೆದರಿ, ಇದು ಯಾವುದೋ ಸೋಂಕು, ದೈವದ ಉಪದ್ರ ಎಂದು ಮೊಬೈಲಿನಲ್ಲಿ ಮನೆಯವರಿಗೆ ಹೇಳುತ್ತಿದ್ದ.

ರಾತ್ರಿ ಪಾಳಿಯ ಹಿರಿಯ ನರ್ಸ್ ಬಂದು ಒಂದು ಕ್ಷಣ ನೋಡಿದರು, ಅಷ್ಟೇ. ತಮ್ಮನ ಕಡೆ ತಿರುಗಿ ಕೇಳಿದರು, ‘ಇವರು ಕೊನೆಗೆ ಕುಡಿದದ್ದು ಯಾವಾಗ?’

ಗಮನಿಸಿ, ‘ಕುಡಿತಾರಾ’ ಅಂತ ಕೇಳಲಿಲ್ಲ. ‘ಯಾವಾಗ’ ಅಂತ ಕೇಳಿದರು. ತಮ್ಮನ ಬಾಯಿಂದ ತಟ್ಟನೆ ಉತ್ತರ ಬಂತು. ಶನಿವಾರ ಮಧ್ಯಾಹ್ನ. ಬೆಳಿಗ್ಗೆ ಎದ್ದ ಕೂಡಲೇ ಒಂದು ನೈಂಟಿ, ಹಾಗೇ ದಿನಕ್ಕೆ ಐದಾರು ಪ್ಯಾಕೆಟ್. ಶನಿವಾರ ಸೇರಿಸುವಾಗಲೂ ಯಾರೋ ಕೇಳಿದ್ದರಂತೆ. ‘ಸ್ವಲ್ಪ ಸ್ವಲ್ಪ’ ಎಂದಿದ್ದನಂತೆ. ಎಷ್ಟು ಸ್ವಲ್ಪ ಅಂತ ಯಾರೂ ಮುಂದೆ ಕೇಳಲಿಲ್ಲ.

ಡ್ಯೂಟಿ ಡಾಕ್ಟರ್ ಓಡಿ ಬಂದರು. ನಾಲ್ಕು ಜನ ಹಿಡಿದುಕೊಂಡು ಇಂಜೆಕ್ಷನ್ ಹಾಕಿದರು. ಗ್ಲೂಕೋಸ್ ಏರಿಸುವ ಮೊದಲು ಥಯಮಿನ್ ಹೋಗಲಿ ಎಂದು ಡಾಕ್ಟರ್ ಎರಡು ಸಲ ಹೇಳಿದ್ದು ನನಗೆ ಕೇಳಿಸಿತು. ಥಯಮಿನ್ ಅಂದರೆ ಬಿ1 ವಿಟಮಿನ್. ತುಂಬ ಕುಡಿಯುವವರ ಮೈಯಲ್ಲಿ ಅದು ಖಾಲಿಯಾಗಿರುತ್ತದೆ. ಅದಿಲ್ಲದೆ ಬರೀ ಗ್ಲೂಕೋಸ್ ಕೊಟ್ಟರೆ ಮೆದುಳಿಗೆ ಪೆಟ್ಟು ಬೀಳಬಹುದಂತೆ. ನಸುಕಿಗೆ ಅವರನ್ನು ಐಸಿಯುಗೆ ಒಯ್ದರು. ನನಗೆ ಮತ್ತೆ ನಿದ್ದೆ ಬರಲಿಲ್ಲ. ನನ್ನ ಫಾರಂನಲ್ಲಿ ಗೀಚಿದ ಆ ಒಂದು ಪದದ್ದೇ ಯೋಚನೆ.

ಬೆಳಿಗ್ಗೆ ಹತ್ತಕ್ಕೆ ಆಸ್ಪತ್ರೆಯ ಆಪ್ತಸಮಾಲೋಚಕಿ ಬಂದರು. ಇಪ್ಪತ್ತೆಂಟು ಮೂವತ್ತರ ಹುಡುಗಿ, ಮಾತಿನಲ್ಲಿ ಅಪ್ಪಟ ಕುಂದಾಪ್ರ ಕನ್ನಡ. ರಾತ್ರಿಯ ಗಲಾಟೆಯ ನಂತರ ಆ ವಾರ್ಡಿನ ಎಲ್ಲರನ್ನೂ ಸರಿಯಾಗಿ ಕೇಳಬೇಕೆಂದು ಡಾಕ್ಟರ್ ಹೇಳಿದ್ದರಂತೆ. ನನ್ನ ಹೆಂಡತಿಗೆ ‘ಅಮ್ಮ, ನೀವು ಕೆಳಗೆ ಹೋಯಿ ಚಾ ಕುಡ್ಕಂಡ್ ಬನ್ನಿ’ ಎಂದು ಕಳಿಸಿ, ನನ್ನನ್ನು ಡ್ರೆಸ್ಸಿಂಗ್ ರೂಮಿನ ಪಕ್ಕದ ಸಣ್ಣ ಕೋಣೆಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚಿದರು. ನನ್ನ ಮಟ್ಟಿಗೆ ಅರ್ಧ ಕೆಲಸ ಆದದ್ದು ಆ ಬಾಗಿಲಿನಿಂದ.

ಕೈಯಲ್ಲಿ ಒಂದು ಹಾಳೆ. ಅದರಲ್ಲಿ ಹತ್ತು ಪ್ರಶ್ನೆ, ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ, ಒಟ್ಟು 40. ‘ಇದಕ್ಕೆ ಆಡಿಟ್ ಅಂತ ಹೆಸರು ಸರ್’ ಎಂದರು. ನಾನು ನಕ್ಕುಬಿಟ್ಟೆ. ಸೊಸೈಟಿಯ ಆಡಿಟ್ ತಪ್ಪಿಸಿಕೊಂಡು ಬಂದು ಇಲ್ಲಿ ಸಿಕ್ಕಿಬಿದ್ದೆ ಎಂದೆ. ಇಂಗ್ಲಿಷಿನ ಉದ್ದ ಹೆಸರಿನ ಮೊದಲಕ್ಷರಗಳನ್ನು ಸೇರಿಸಿದರೆ ಹಾಗಾಗುತ್ತದಂತೆ. ಇದೆಲ್ಲ ಫಾರಿನ್ ಲೆಕ್ಕ, ನಮಗೆ ಸರಿಹೋಗುತ್ತದಾ ಎಂದು ಸುಮ್ನೆ ಕೆಣಕಿದೆ. ಅವರೇನೂ ಬೇಸರ ಮಾಡಿಕೊಳ್ಳಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯವರು ಮಾಡಿದ್ದು, 1989ರಲ್ಲಿ ಇದರ ಕೈಪಿಡಿ ಮೊದಲು ಬಂತು, ಆರು ದೇಶಗಳ ರೋಗಿಗಳನ್ನು ಕೇಳಿ ನೋಡಿ ತಯಾರು ಮಾಡಿದ್ದಾರೆ, ಅದರಲ್ಲಿ ಕೀನ್ಯಾ, ಮೆಕ್ಸಿಕೋ ಕೂಡ ಉಂಟು ಎಂದರು. ಕುಡುಕರನ್ನು ಹಿಡಿಯುವುದಕ್ಕಲ್ಲ, ಕುಡಿತದಿಂದ ತೊಂದರೆ ಶುರುವಾಗುವ ಮೊದಲೇ ಗೊತ್ತುಮಾಡಿಕೊಳ್ಳುವುದಕ್ಕೆ ಅಂತೆ.

ಮೊದಲ ಪ್ರಶ್ನೆ, ಎಷ್ಟು ಸಲ ಕುಡಿಯುತ್ತೀರಿ?

‘ವಾರಕ್ಕೆ ಎರಡು ಸಲ ಇರಬಹುದು’ ಎಂದೆ.

‘ಕುಡಿಯದ ದಿನ ಯಾವುದು, ಹೇಳಿ ಕಾಂಬ.’

ಅದು ನನಗೆ ಬಾಯಿಪಾಠ. ಸೋಮವಾರ ಇಲ್ಲ, ಮೀನೂ ಇಲ್ಲ. ಗುರುವಾರ ಇಲ್ಲ. ಶನಿವಾರ ಇಲ್ಲ. ಸಂಕ್ರಾಂತಿಯಂತೂ ಇಲ್ಲವೇ ಇಲ್ಲ. ಇಷ್ಟು ವರ್ಷ ನಾನು ಕುಡುಕ ಅಲ್ಲ ಎನ್ನುವುದಕ್ಕೆ ನನ್ನ ಹತ್ತಿರ ಇದ್ದ ದೊಡ್ಡ ಸಾಕ್ಷಿ ಈ ಮೂರು ದಿನಗಳು. ಹೆಮ್ಮೆಯಿಂದಲೇ ಹೇಳಿದೆ. ಅವರು ಏಳರಲ್ಲಿ ಮೂರು ಕಳೆದರು. ‘ನಾಲ್ಕು ದಿನ’ ಎಂದು ಬರೆದುಕೊಂಡರು. ವಾರಕ್ಕೆ ನಾಲ್ಕು ಅಥವಾ ಜಾಸ್ತಿ ಅಂದರೆ ಪೂರ್ತಿ ನಾಲ್ಕು ಅಂಕ. ಇಪ್ಪತ್ತು ವರ್ಷ ಲೆಕ್ಕ ಬರೆದವನು ನಾನು. ಈ ಕಳೆಯುವ ಲೆಕ್ಕ ಒಂದು ದಿನವೂ ಮಾಡಿರಲಿಲ್ಲ.

ಎರಡನೆಯದು, ಕುಡಿಯುವ ದಿನ ಎಷ್ಟು ಡ್ರಿಂಕ್? ‘ಎರಡು ಪೆಗ್. ಅದಕ್ಕಿಂತ ಜಾಸ್ತಿ ಇಲ್ಲ’ ಎಂದೆ. ಇದು ಸುಳ್ಳಲ್ಲ, ದೇವರಾಣೆ ಎರಡೇ.

ಅವರು ಬಟ್ಟೆಯ ಚೀಲದಿಂದ ಒಂದು ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಲೇಬಲ್ ಕಿತ್ತ ಕ್ವಾರ್ಟರ್ ಬಾಟಲಿ, ಒಳಗೆ ನೀರು. ಪಕ್ಕದಲ್ಲಿ ವಾರ್ಡಿನಲ್ಲಿ ಸಿರಪ್ ಕೊಡುತ್ತಾರಲ್ಲ, ಆ ಥರದ ಸಣ್ಣ ಪ್ಲಾಸ್ಟಿಕ್ ಕಪ್‌ಗಳು ಆರು. ನನ್ನದೇ ಸ್ಟೀಲ್ ಲೋಟ ತರಿಸಿ, ‘ಮನೆಯಲ್ಲಿ ಹಾಕಿಕೊಳ್ಳುವ ಹಾಗೆ ಒಂದು ಪೆಗ್ ಹಾಕಿ’ ಎಂದರು.

ಹಾಕಿದೆ. ಕೈಗೆ ಅಭ್ಯಾಸ ಇರುತ್ತದಲ್ಲ, ನೋಡಬೇಕಾಗಿಯೂ ಇಲ್ಲ. ಬಾಟಲಿ ಅರ್ಧಕ್ಕೆ ಬಂದಾಗ ಕೈ ತಾನಾಗಿ ನಿಂತಿತು. ಅವರು ಲೋಟದ ನೀರನ್ನು ಸಣ್ಣ ಕಪ್ಪಿಗೆ 30 ಎಂಎಲ್ ಗೆರೆಯವರೆಗೆ ಸುರಿದರು. ಒಂದು ತುಂಬಿತು. ಎರಡು ತುಂಬಿತು. ಮೂರನೆಯದೂ ತುಂಬಿತು. ಆಮೇಲೆ ಲೋಟ ಖಾಲಿ.

ಲೆಕ್ಕದಲ್ಲಿ ಒಂದು ಡ್ರಿಂಕ್ ಅಂದರೆ 10 ಗ್ರಾಂ ಆಲ್ಕೋಹಾಲ್. ನಮ್ಮ ವಿಸ್ಕಿ, ಬ್ರಾಂಡಿ, ರಮ್ಮಿನ ಲೇಬಲ್ ಮೇಲೆ 42.8 ಪರ್ಸೆಂಟ್ ಎಂದಿರುತ್ತದೆ. ಅದರಲ್ಲಿ 30 ಎಂಎಲ್ ತೆಗೆದುಕೊಂಡರೆ ಹತ್ತಿರ ಹತ್ತಿರ 10 ಗ್ರಾಂ. ಕ್ವಾರ್ಟರ್ ಅಂದರೆ 180 ಎಂಎಲ್, ಆರು ಡ್ರಿಂಕ್. ನನ್ನ ಎರಡು ಪೆಗ್ ಅಂದರೆ ಒಂದು ಕ್ವಾರ್ಟರ್. ಬೀರ್ ಆದರೆ ಏನೂ ಅಲ್ಲ ಎನ್ನುವ ನನ್ನ ಭಾವನ ನೆನಪಾಗಿ ಅದನ್ನೂ ಕೇಳಿದೆ. 8 ಪರ್ಸೆಂಟಿನ ಸ್ಟ್ರಾಂಗ್ ಬೀರ್ 650 ಎಂಎಲ್ ಬಾಟಲಿ ಒಂದಕ್ಕೆ ನಾಲ್ಕು ಡ್ರಿಂಕ್ ಆಗುತ್ತದಂತೆ. ಶೇಂದಿಯದ್ದು ಕಷ್ಟ. ಬೆಳಿಗ್ಗೆ ಇಳಿಸಿದ್ದಕ್ಕೂ ಸಂಜೆಯದ್ದಕ್ಕೂ ಅಮಲು ಬೇರೆ. ಅದಕ್ಕೆ ಅವರು ಎಷ್ಟು ಬಾಟಲಿ, ಯಾವ ಹೊತ್ತು ಅಂತ ಕೇಳಿ ಅಂದಾಜು ಮಾಡುತ್ತಾರೆ.

ಆರು ಡ್ರಿಂಕಿಗೆ ಎರಡು ಅಂಕ. ಮೂರನೇ ಪ್ರಶ್ನೆ, ಒಂದೇ ಸಲಕ್ಕೆ ಆರು ಅಥವಾ ಜಾಸ್ತಿ ಎಷ್ಟು ಸಲ? ಈಗಷ್ಟೇ ಅಳೆದು ಆಗಿತ್ತು, ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ‘ಹೆಚ್ಚು ಕಮ್ಮಿ ದಿನಾಲೂ’ ಎನ್ನುವ ಉತ್ತರಕ್ಕೆ ನಾಲ್ಕು, ‘ವಾರಕ್ಕೊಮ್ಮೆ’ಗೆ ಮೂರು. ನಾನು ಜಗಳ ಮಾಡಿ ಮೂರಕ್ಕೆ ಇಳಿಸಿದೆ. ಅಲ್ಲಿಗೇ ಒಂಬತ್ತು. ಎಂಟು ಅಥವಾ ಜಾಸ್ತಿ ಬಂದರೆ ಜಾಗ್ರತೆ ಬೇಕು ಎಂದು ಹಾಳೆಯ ಕೆಳಗೆ ಬರೆದಿತ್ತು. ಇನ್ನೂ ಏಳು ಪ್ರಶ್ನೆ ಬಾಕಿ.

ಶುರು ಮಾಡಿದ ಮೇಲೆ ನಿಲ್ಲಿಸಲು ಆಗದೇ ಹೋದದ್ದು ಉಂಟಾ? ಯಾವಾಗಲೋ ಒಮ್ಮೆ, ಒಂದು. ಮಾಡಬೇಕಾದ ಕೆಲಸ ಕುಡಿತದಿಂದ ತಪ್ಪಿದ್ದು? ಮಗಳ ಕಾಲೇಜಿನ ಪೋಷಕರ ಸಭೆ. ಅದಕ್ಕೂ ಒಂದು. ಬೆಳಿಗ್ಗೆ ಎದ್ದು ಕುಡಿಯುವುದು? ಇಲ್ಲಿ ನನಗೆ ಜೀವ ಬಂತು. ಆಟಿ ಅಮಾವಾಸ್ಯೆಯ ಪಾಲೆ ಕಷಾಯ ಬಿಟ್ಟರೆ ಖಾಲಿ ಹೊಟ್ಟೆಗೆ ನಾನು ಏನೂ ಕುಡಿದವನಲ್ಲ ಎಂದೆ. ಅವರೂ ನಕ್ಕರು. ಸೊನ್ನೆ. ಆ ಸೊನ್ನೆ ಸಣ್ಣದಲ್ಲವಂತೆ. ಪಕ್ಕದ ಮಂಚದವರಿಗೂ ನನಗೂ ಇದ್ದ ದೊಡ್ಡ ವ್ಯತ್ಯಾಸ ಅದೇ. ಬೆಳಿಗ್ಗೆ ಕೈ ನಡುಕ ನಿಲ್ಲಲು ಕುಡಿಯಬೇಕು ಎನ್ನುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದೊಳಗೆ ಹೀಗೆ ಭ್ರಮೆ ಹಿಡಿಯಬಹುದು. ದೈವದ ಎದುರು ಮಾತು ಕೊಟ್ಟು ಆ ಗಳಿಗೆಯಿಂದಲೇ ಬಿಡುವವರು ನಮ್ಮ ಕಡೆ ಜಾಸ್ತಿ. ಬಿಡುವುದು ಒಳ್ಳೆಯದೇ, ಆದರೆ ದಿನಾಲೂ ಕುಡಿಯುವವರು ಡಾಕ್ಟರಿಗೆ ಹೇಳಿಯೇ ಬಿಡಬೇಕು ಎಂದರು. ಇದನ್ನು ಹೇಳುವಾಗ ಮಾತ್ರ ಅವರ ಮುಖದಲ್ಲಿ ನಗು ಇರಲಿಲ್ಲ.

ಕುಡಿದ ಮೇಲೆ ಪಶ್ಚಾತ್ತಾಪ? ತಿಂಗಳಿಗೊಮ್ಮೆ, ಸಂಬಳದ ಲೆಕ್ಕ ನೋಡುವಾಗ. ಎರಡು. ಎಂಟನೆಯದು, ಹಿಂದಿನ ರಾತ್ರಿ ನಡೆದದ್ದು ನೆನಪಿಲ್ಲದೆ ಹೋದದ್ದು? ‘ಇಲ್ಲ’ ಎಂದೆ. ಸೊನ್ನೆ. ಕುಡಿತದಿಂದ ಪೆಟ್ಟಾದದ್ದು? ಎರಡು ವರ್ಷದ ಹಿಂದೆ ಮನೆಯ ತಿರುವಿನಲ್ಲಿ ಸ್ಕೂಟರಿನಿಂದ ಬಿದ್ದು ಮೊಣಕೈ ಒಡೆದಿತ್ತು. ‘ಹೌದು, ಆದರೆ ಈ ಒಂದು ವರ್ಷದಲ್ಲಿ ಅಲ್ಲ’ ಎನ್ನುವುದಕ್ಕೆ ಎರಡು. ಕಡೆಯದು, ಮನೆಯವರೋ ಡಾಕ್ಟರೋ ಕಡಿಮೆ ಮಾಡಿ ಎಂದದ್ದು? ನಾನು ಬಾಗಿಲಿನ ಕಡೆ ನೋಡಿದೆ. ಹೆಂಡತಿ ಚಹಾ ಕುಡಿದು ಬಂದು ಹೊರಗೆ ನಿಂತಿರಬೇಕು. ‘ಹೋದ ವಾರ’ ಎಂದೆ. ನಾಲ್ಕು.

ಮೊತ್ತ ಅವರು ಹಾಕುವ ಮೊದಲೇ ನಾನು ಹಾಕಿದ್ದೆ. 19.

ಎಂಟರಿಂದ 15 ಬಂದರೆ ಸಲಹೆ ಕೊಟ್ಟು ಕಳಿಸುತ್ತಾರೆ. 16ರಿಂದ 19 ಬಂದರೆ ಕೂತು ಮಾತಾಡಿ, ಆಮೇಲೂ ಆಗಾಗ ಕರೆದು ವಿಚಾರಿಸುತ್ತಾರೆ. 20 ಆದರೆ ಮನೋವೈದ್ಯರು ನೋಡಬೇಕು. ‘ಅಂದರೆ ಒಂದು ಕಮ್ಮಿಯಲ್ಲಿ ಉಳಿದೆ’ ಎಂದೆ. ಅವರು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ.

ಮಧ್ಯಾಹ್ನ ರಕ್ತದ ರಿಪೋರ್ಟ್ ಬಂತು. ಲಿವರಿನ ಜಿಜಿಟಿ ಎನ್ನುವುದು ಜಾಸ್ತಿ ಇತ್ತು. ನಾನು ಬಾಯಿಬಿಡದಿದ್ದರೂ ರಕ್ತ ಅಷ್ಟಿಷ್ಟು ಹೇಳುತ್ತಿತ್ತು ಅಂತಾಯಿತು. ಅರಿವಳಿಕೆಯ ಡಾಕ್ಟರ್ ಎರಡೂ ಕಾಗದ ನೋಡಿ ಆಪರೇಷನ್ ಮುಂದೆ ಹಾಕಿದರು. ಹರ್ನಿಯಾ ಸಿಕ್ಕಿಹಾಕಿಕೊಂಡಿಲ್ಲ, ಅವಸರ ಇಲ್ಲ. ಕುಡಿಯುವವರಿಗೆ ಗಾಯ ಮಾಯುವುದು ತಡ, ಸೋಂಕು ಮತ್ತು ರಕ್ತ ಹೋಗುವ ಅಪಾಯವೂ ಜಾಸ್ತಿ. ಕನಿಷ್ಠ ನಾಲ್ಕು ವಾರ ಬಿಟ್ಟು ಬನ್ನಿ ಎಂದರು. ನನಗೆ ಸಿಟ್ಟು ಬಂತು. ಸುಳ್ಳು ಹೇಳಿದ್ದರೆ ಬುಧವಾರ ಎಲ್ಲ ಮುಗಿದು ಹೋಗುತ್ತಿತ್ತಲ್ಲ, ನಿಜ ಹೇಳಿದ್ದಕ್ಕೆ ರಜೆ ಹಾಳು. ಈಗಲೂ ನನಗೆ ಅನಿಸುವುದು, ಇದನ್ನು ಆಸ್ಪತ್ರೆಗೆ ಸೇರಿಸುವ ಒಂದು ತಿಂಗಳು ಮೊದಲೇ, ಹೊರರೋಗಿ ವಿಭಾಗದಲ್ಲೇ ಕೇಳಬಹುದಿತ್ತು. ನಾನು ಎರಡು ಸಲ ಬಂದು ಹೋಗಿದ್ದೆ. ಎರಡು ಸಲವೂ ಯಾರೂ ಕೇಳಲಿಲ್ಲ.

ಸಂಜೆ ಹೆಂಡತಿಗೆ ಪ್ರಶ್ನೆಗಳನ್ನೆಲ್ಲ ಹೇಳಿದೆ. ಎಂಟನೆಯದಕ್ಕೆ ಸೊನ್ನೆ ಬಂತು ಎಂದಾಗ ಅವಳು ಹಲಸಿನ ಹಪ್ಪಳದ ಕಟ್ಟು ಬಿಚ್ಚುತ್ತಿದ್ದವಳು ನಿಲ್ಲಿಸಿದಳು.

‘ಜನವರಿಯಲ್ಲಿ ಅಣ್ಣನ ಮಗನ ಮೆಹಂದಿ ದಿವಸ ಮನೆಗೆ ಹೇಗೆ ಬಂದಿರಿ?’

‘ಕಾರಲ್ಲಿ. ಯಾರೋ ಬಿಟ್ಟರು.’

‘ಯಾರು?’

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದೇ ಅಷ್ಟು ದಿನ ನನಗೆ ಗೊತ್ತಿರಲಿಲ್ಲ. ಬಿಟ್ಟದ್ದು ಮಗಳ ಕ್ಲಾಸಿನ ಹುಡುಗ ಮತ್ತು ಅವನ ತಂದೆಯಂತೆ. ಗೇಟಿನ ಹತ್ತಿರ ನಾನು ಅವರಿಗೆ ಏನೋ ಹೇಳಿದೆನಂತೆ. ಏನು ಹೇಳಿದೆ ಎಂದು ಕೇಳಿದೆ. ‘ಈಗ ಬೇಡ’ ಎಂದಳು. ಮಗಳು ಆ ವಾರ ಕಾಲೇಜಿನಿಂದ ಬೇಗ ಬರುತ್ತಿದ್ದುದು ನೆನಪಾಯಿತು. ಹೊಟ್ಟೆನೋವು ಎನ್ನುತ್ತಿದ್ದಳು. ಮರೆತದ್ದನ್ನು ಮರೆತವನ ಹತ್ತಿರವೇ ಕೇಳಿದರೆ ಲೆಕ್ಕ ಸರಿ ಬರುವುದು ಹೇಗೆ?

ಬುಧವಾರ ಬೆಳಿಗ್ಗೆ ಆಪ್ತಸಮಾಲೋಚಕಿ ರೌಂಡಿಗೆ ಬಂದಾಗ ನಾನೇ ಕರೆದೆ. ‘ಮೇಡಂ, ಒಂದು ಎಂಟ್ರಿ ಬಿಟ್ಟುಹೋಗಿದೆ.’ ಎಂಟನೇ ಸಾಲಿನಲ್ಲಿ ಸೊನ್ನೆ ಹೊಡೆದು ಒಂದು ಬರೆದರು. ಪಕ್ಕದಲ್ಲಿ ಸಣ್ಣ ಸಹಿ ಹಾಕಿದರು. ತಿದ್ದಿದಲ್ಲಿ ಸಹಿ ಹಾಕುವ ಕ್ರಮ ಅವರಿಗೂ ಗೊತ್ತಿತ್ತು. 20.

ಮನೋವೈದ್ಯರ ಕೋಣೆಯ ಹೊರಗೆ ಕೂತದ್ದು ಆ ವಾರದ ಅತಿ ಕಷ್ಟದ ಕೆಲಸ. ಪರಿಚಯದವರು ಯಾರಾದರೂ ನೋಡಿದರೆ ಎಂದು ಪೇಪರ್ ಅಗಲ ಮಾಡಿ ಹಿಡಿದುಕೊಂಡಿದ್ದೆ. ಒಳಗೆ ಅಂಥದ್ದೇನೂ ಆಗಲಿಲ್ಲ. ಅರ್ಧ ಗಂಟೆ ಮಾತಾಡಿದರು. ಕೈ ಚಾಚಿಸಿ ನಡುಕ ನೋಡಿದರು, ಬಿ1 ಮಾತ್ರೆ ಕೊಟ್ಟರು. 2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯ ಒಂದು ಸಂಖ್ಯೆ ಹೇಳಿದರು. ಕುಡಿತಕ್ಕೆ ಅಂಟಿಕೊಂಡ 38 ಜನರಲ್ಲಿ ಚಿಕಿತ್ಸೆ ಸಿಗುವುದು ಒಬ್ಬರಿಗಂತೆ. ‘ಆ ಒಬ್ಬರೂ ಕಾಮಾಲೆಯಾದ ಮೇಲೆ ಬರುತ್ತಾರೆ. ನೀವು ಹರ್ನಿಯಾಕ್ಕೆ ಬಂದು ಸಿಕ್ಕಿದ್ದೀರಿ’ ಎಂದರು. ರಾತ್ರಿ ತಡೆಯಲಾಗದಿದ್ದರೆ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ನನ್ನ ಫೋನಿನಲ್ಲೇ ಸೇವ್ ಮಾಡಿಸಿದರು.

ಗುರುವಾರ ಬಿಡುಗಡೆಯಾಗುವಾಗ ಮಲ್ಪೆಯವರನ್ನು ವಾರ್ಡಿಗೆ ವಾಪಸು ತಂದಿದ್ದರು. ಸೋಮವಾರದ ರಾತ್ರಿ ಅವರಿಗೆ ಒಂದು ಚೂರೂ ನೆನಪಿಲ್ಲ. ಅವರ ತಮ್ಮ ಅವರನ್ನು ಧರ್ಮಸ್ಥಳ ಯೋಜನೆಯವರ ಮದ್ಯವರ್ಜನ ಶಿಬಿರಕ್ಕೆ ಸೇರಿಸುವ ಮಾತಾಡುತ್ತಿದ್ದ. ಕಾಲು ಕೂಡಲಿ, ಡಾಕ್ಟರ್ ಹೂಂ ಅನ್ನಲಿ, ಆಮೇಲೆ ಹೋಗಿ ಎಂದು ಆಸ್ಪತ್ರೆಯವರು ಹೇಳಿದ್ದರಂತೆ. ‘ನಾನು ರಾತ್ರಿ ಎಂತ ಮಾಡಿದೆ ಮಾರಾಯ್ರೆ?’ ಎಂದು ನನ್ನನ್ನು ಕೇಳಿದರು. ‘ಬಲೆ ಎಳೆದಿರಿ’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮೀನು ಸಿಕ್ಕಿತಾ?’ ಎಂದರು.

ನನ್ನ ಆಪರೇಷನ್ ಆದದ್ದು ಸೆಪ್ಟೆಂಬರ್ ಕೊನೆಗೆ. ನಡುವೆ ನಾಲ್ಕು ಸಲ ಹೋಗಿ ಬಂದೆ. ಒಮ್ಮೆ ಜಾರಿದೆ, ಭಾವನ ಮನೆಯಲ್ಲಿ. ಆಡಿಟ್ ಹಾಳೆಯನ್ನು ಮತ್ತೆ ತುಂಬಿಸಿದರೆ ಎಷ್ಟು ಬರಬಹುದು ಎಂದು ಕೇಳಿದ್ದೆ. ಅದು ಇಡೀ ಒಂದು ವರ್ಷದ್ದು ಕೇಳುವುದರಿಂದ ಅಷ್ಟು ಬೇಗ ಇಳಿಯುವುದಿಲ್ಲವಂತೆ. ಸ್ಕೂಟರಿನ ಎರಡಂತೂ ಯಾವ ಕಾಲಕ್ಕೂ ಹೋಗುವುದಿಲ್ಲ. ಪ್ರತಿ ವರ್ಷ ಆರಂಭಿಕ ಶಿಲ್ಕಿನ ಹಾಗೆ ಮೊದಲ ಸಾಲಿನಲ್ಲಿ ಬಂದು ಕೂರುತ್ತದೆ.

ಸೇರುವ ದಿನ ಮತ್ತೆ ಅದೇ ಫಾರಂ, ಬೇರೆ ನರ್ಸ್. ಶುಗರ್, ಬಿಪಿ ಆಯಿತು. ‘ಕುಡಿತ ಎಂತ ಇಲ್ಲ ಅಲ್ವಾ?’

‘ಉಂಟು ಸಿಸ್ಟರ್’ ಎಂದೆ. ಹೆಂಡತಿ ಈ ಸಲ ಕಂಬ ನೋಡಲಿಲ್ಲ. ‘ಜುಲೈಯಿಂದ ಬಿಟ್ಟಿದ್ದೇನೆ. ನಡುವೆ ಒಂದು ರಾತ್ರಿ ಎರಡು ಕುಡಿದೆ.’

‘ಎರಡು ಪೆಗ್ಗಾ?’

‘ಅಲ್ಲ, ಎರಡು ಕಪ್’ ಎಂದು ಟ್ರೇಯಲ್ಲಿದ್ದ ಸಿರಪ್ಪಿನ ಕಪ್ ತೋರಿಸಿದೆ. ‘ಇದರಲ್ಲಿ. ಗೆರೆಯವರೆಗೆ.’